ಸಣ್ಣ ಮಕ್ಕಳು, ನೌಕರಿ, ಅದರಾಗ ಬಿಪಿ ಬ್ಯಾರೆ: ಗುಳಿಗಿ ಇಲ್ದ ಸಂಭಾಳಿಸಾಕ ಆಕ್ಕೈತೇನ್ರಿ?

ನಿಮ್ಮ ಬಿಪಿ 150/96 ಬಂದೈತಿ, ಡಾಕ್ಟ್ರು ಗುಳಿಗಿ ಬರದಾರ, ಆದ್ರ ಎರಡು ಸಣ್ಣ ಮಕ್ಕಳು ಇರೂದಕ್ಕ ವಾಕಿಂಗ್‌ಗೆ ಟೈಮ್ ಸಿಗವಲ್ದು, ಗುಳಿಗಿ ಬಿಟ್ಟು ಬ್ಯಾರೆ ದಾರಿ ಐತೇನು ಅಂತ ಕೇಳೀರಿ. ನಂದೂ ಮನಿ ಧಾರವಾಡ, ನೌಕರಿ ಹುಬ್ಬಳ್ಳಿ, ಮಕ್ಕಳು ಇಬ್ರು, ಬಿಪಿ ಗುಳಿಗಿ ನಾನೂ ತಗೋತೀನಿ.

ದಯವಿಟ್ಟು ನೀವಾಗೇ ಗುಳಿಗಿ ಬಿಡಬ್ಯಾಡ್ರಿ. ಒಂದಿಷ್ಟು ದಿನಕ್ಕ 120/80 ಬಂತು ಅಂದ್ರ ಬಿಪಿ ಹೋತು ಅಂತಲ್ಲ, ಗುಳಿಗಿ ಕೆಲಸ ಮಾಡಾಕತ್ತೈತಿ ಅಂತ, ಬಿಟ್ರ ಮತ್ತ ಏರತೈತಿ, ಏರಿದ್ದು ಬಹಳ ಮಂದಿಗೆ ತಿಳಿಯಂಗೂ ಇಲ್ಲ ಯಾಕಂದ್ರ ತಲಿನೋವು, ಚಕ್ಕರ್ ಏನೂ ಬರಂಗಿಲ್ಲ. ಅಮ್ಲೋಡಿಪಿನ್ ಅನ್ನೂ ಬಿಪಿ ಗುಳಿಗಿಗೆ ಕೆಲವ್ರಿಗೆ ಪಾದ ಬಾಯ್ತಾವು, ಹಂಗಾದ್ರ ಡಾಕ್ಟ್ರಿಗೆ ಹೇಳಿ ಬದಲಿ ಮಾಡಿಸ್ಕೋರಿ. ಇನ್ನೊಂದು ಮಗುವಿನ ವಿಚಾರ ಇದ್ರ ಈಗ್ಲೇ ಹೇಳ್ರಿ, ಟೆಲ್ಮಿಸಾರ್ಟನ್‌ನಂಥ ಬಿಪಿ ಗುಳಿಗಿ ಬಸುರಿದ್ದಾಗ ನಡಿಯಂಗಿಲ್ಲ. ನಾನು ಮಕ್ಕಳ ಡಬ್ಬಿ ಕಟ್ಟಿದ ಕೂಡ್ಲೇ ನುಂಗಿಬಿಡ್ತೀನಿ, ಆದ್ರ ಸ್ಟ್ರಿಪ್ ಹುಡುಗುರ ಕೈಗೆ ಸಿಗದಂಗ ಮ್ಯಾಲಿನ ಶೆಲ್ಫ್‌ನ್ಯಾಗ ಇಡ್ರಿ.

ಇನ್ನ ಉಪ್ಪು. ಇದಕ್ಕ ಬ್ಯಾರೆ ಟೈಮ ಬೇಕಾಗಂಗಿಲ್ಲ, ಹೆಂಗಿದ್ರೂ ಅಡಗಿ ಮಾಡೇ ಮಾಡ್ತೀವಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೂದು ದಿನಕ್ಕ 5 ಗ್ರಾಂ ಒಳಗ, ಅಂದ್ರ ಎಲ್ಲಾ ಕೂಡಿ ಒಂದು ಚಾ ಚಮಚಾ. ನಮ್ಮ ಜ್ವಾಳದ ರೊಟ್ಟಿಗೆ ಉಪ್ಪೇ ಹಾಕಂಗಿಲ್ಲ, ಛಲೋ ಊಟ, ಆದ್ರ ತಾಟಿನ ಬಾಜೂಕ ನೋಡ್ರಿ, ಶೇಂಗಾ ಹಿಂಡಿ, ರಂಜಕ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗಿ ಮೆಣಸಿನಕಾಯಿ, ಉಪ್ಪೆಲ್ಲಾ ಅಲ್ಲೇ ಕುಂತಿರತೈತಿ. ಎಲ್ಲಾ ಬಿಡ್ರಿ ಅನ್ನಂಗಿಲ್ಲ ನಾನು, ಒಂದು ಊಟಕ್ಕ ಒಂದ ಇಟ್ಕೋರಿ, ಹಿಂಡಿ ಕುಟ್ಟುವಾಗ ಉಪ್ಪು ಅರ್ಧ ಮಾಡಿ ಬಳ್ಳೊಳ್ಳಿ, ಹುಣಸಿಹಣ್ಣು ಜಾಸ್ತಿ ಹಾಕ್ರಿ, ಸ್ವಲ್ಪ ದಿನಕ್ಕ ನಾಲಿಗಿ ಒಗ್ಗತೈತಿ. ಸಂಜಿ ಮಿರ್ಚಿ ಭಜಿಯೊಳಗಿನ ಸೋಡಾದಾಗೂ ಸೋಡಿಯಂ ಐತಿ, ಉಪ್ಪಿನ್ಯಾಗ ಬಿಪಿ ಏರಸೂದು ಇದ. ಸೈಂಧವ ಉಪ್ಪು ಆದ್ರ ನಡಿತೈತಿ ಅಂತಾರಲ್ಲ, ಅದೂ ಉಪ್ಪೇರಿ. ಕಡಿಮಿ ಸೋಡಿಯಂ ಉಪ್ಪು ಡಾಕ್ಟ್ರನ್ನ ಕೇಳದ ತರಬ್ಯಾಡ್ರಿ, ಅದರಾಗ ಪೊಟ್ಯಾಸಿಯಂ ಇರತೈತಿ, ಕಿಡ್ನಿ ತೊಂದ್ರಿ ಇದ್ದವ್ರಿಗೆ, ಟೆಲ್ಮಿಸಾರ್ಟನ್ ತಗೊಳ್ಳೋರಿಗೆ ತ್ರಾಸ ಆಗಬಹುದು.

ವಾಕಿಂಗ್ ವಾರಕ್ಕ 150 ನಿಮಿಷ ಅಂತಾರ, ಒಮ್ಮೇಲೇ ಆಗಬೇಕಂತೇನಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಒಂದು ಸ್ಟಾಪ್ ಮೊದ್ಲ ಇಳದು ಬಿರಬಿರನ ನಡೀರಿ, ಮಕ್ಕಳ ಟ್ಯೂಷನ್ ಬಿಡೂತನಕ ಅಲ್ಲೇ ಓಡಾಡ್ರಿ.

ಬಿಪಿ ನೋಡೂದು ಮುಂಜಾನೆ ಚಾ, ಗುಳಿಗಿಕಿಂತ ಮೊದ್ಲ, ರಾತ್ರಿ ಮಕ್ಕಳು ಮಲಗಿದ ಮ್ಯಾಲೆ. ಹುಡುಗುರಿಗೆ ಬೈದು ಬಂದು ಪಟ್ಟಿ ಕಟ್ಟಿದ್ರ ಜಾಸ್ತಿನ ತೋರಸ್ತೈತಿ. ಐದು ನಿಮಿಷ ಬೆನ್ನು ಆನಿಸಿ, ಕಾಲು ನೆಲಕ್ಕ ಊರಿ ಸುಮ್ನ ಕೂಡ್ರಿ, ಕೈ ಎದಿ ಮಟ್ಟಕ್ಕಿರಲಿ, ಎರಡು ಸಲ ನೋಡಿ ಬರದಿಡ್ರಿ. ಮನ್ಯಾಗ ಸರಾಸರಿ 135/85 ದಾಟಾಕತ್ರ ಡಾಕ್ಟ್ರಿಗೆ ತೋರಸ್ರಿ. ಸೊಂಟನೋವು ಅಂತ ಡೈಕ್ಲೋಫೆನಾಕ್ ಅನ್ನೂ ನೋವಿನ ಗುಳಿಗಿ ನುಂಗಬ್ಯಾಡ್ರಿ, ಬಿಪಿ ಏರಸ್ತೈತಿ. 180/120 ಮ್ಯಾಲೆ ಹೋಗಿ ಎದಿನೋವು, ಉಸಿರು ಕಟ್ಟೂದು, ಮಾತು ತೊದಲೂದು ಆದ್ರ ಕಾಯಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ.

ಖರ್ಚಿನ ಚಿಂತಿ ಇದ್ರ ಸರ್ಕಾರಿ ಆರೋಗ್ಯ ಕೇಂದ್ರಕ್ಕ ಇಲ್ಲಾ ಸರ್ಕಾರದ್ದ ಆದ ‘ನಮ್ಮ ಕ್ಲಿನಿಕ್’ಗೆ ಹೋಗ್ರಿ, ಬಿಪಿ ಚೆಕ್ಕೂ ಗುಳಿಗಿನೂ ಪುಕ್ಕಟೆ.