ಅಜ್ಜಿ, ಮೊಮ್ಮಗಳಿಗೆ ಒಂದೇ ರೂಮು: ಬಂಕ್ ಬೆಡ್ ಹಾಕಿಸಬಹುದಾ?

ಪ್ರಶ್ನೆ: ನಮ್ಮದು ಎರಡು ಬೆಡ್‌ರೂಮಿನ ಫ್ಲಾಟ್. ಊರಲ್ಲಿದ್ದ ಅತ್ತೆ ಇನ್ನು ಮುಂದೆ ನಮ್ಮ ಜೊತೆಗೇ ಇರುತ್ತಾರೆ. ಅವರಿಗೆ 68 ವರ್ಷ, ಮಂಡಿ ನೋವಿದೆ. ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಇಬ್ಬರಿಗೂ ಒಂದೇ ರೂಮು, 10 ಅಡಿಗೆ 10 ಅಡಿ. ಬಾಗಿಲು ಗೋಡೆಯ ನಡುವೆ ಇದೆ, ಎದುರಿಗೆ ಕಿಟಕಿ. ಬಂಕ್ ಬೆಡ್ ಹಾಕಿ, ಒಂದು ಗೋಡೆ ಪೂರ್ತಿ ಎರಡಡಿ ಆಳದ ವಾರ್ಡ್‌ರೋಬ್ ಮಾಡಿಸಿ ಎನ್ನುತ್ತಾರೆ ಕಾರ್ಪೆಂಟರ್. ಮಾಡಿಸಬಹುದಾ?
– ಓದುಗರು, ಬೆಂಗಳೂರು

ಉತ್ತರ: ಬಂಕ್ ಬೆಡ್ ಖಂಡಿತ ಬೇಡ. ಮೇಲಿನ ಹಾಸಿಗೆ ಸುಮಾರು ಐದಡಿ ಎತ್ತರಕ್ಕೆ ಬರುತ್ತದೆ. ಮಗಳು ಅದರ ಮೇಲೆ ಎದ್ದು ಕೂತರೆ ತಲೆ ಎಂಟಡಿ ಹತ್ತಿರ ಹೋಗುತ್ತದೆ. ಇಷ್ಟು ಚಿಕ್ಕ ರೂಮಿನಲ್ಲಿ ಫ್ಯಾನಿನ ರೆಕ್ಕೆ ಮಂಚದ ಅಂಚಿನವರೆಗೂ ಬರುತ್ತದೆ. ನಿದ್ದೆಗಣ್ಣಲ್ಲಿ ಮೈಮುರಿದು ಕೈ ಚಾಚಿದರೆ ಏನು ಗತಿ?

ಒಂದರ ಕೆಳಗಿಂದ ಇನ್ನೊಂದನ್ನು ಎಳೆಯುವ ಮಂಚವೂ ನಿಮಗೆ ಆಗಿಬರಲ್ಲ. ಒಂದು ಮನೆಯಲ್ಲಿ ನಾನೇ ಹಾಗೆ ಮಾಡಿಸಿಕೊಟ್ಟಿದ್ದೆ. ರಾತ್ರಿ ಬಚ್ಚಲಿಗೆ ಹೋಗಬೇಕೆಂದರೆ ಅಜ್ಜಿ ಮೊಮ್ಮಗನ ಕಾಲು ದಾಟಿಕೊಂಡು, ಗೋಡೆ ಹಿಡಿದು ಬರಬೇಕಿತ್ತು. ಮೂರೇ ತಿಂಗಳಿಗೆ ಅದನ್ನು ತೆಗೆಸಿದೆ. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಮೂರಡಿ ಅಗಲದ ಎರಡು ಸಿಂಗಲ್ ಮಂಚ ಮಾಡಿಸಿ. ಮಗಳದ್ದು ಕಿಟಕಿ ಗೋಡೆಗೆ, ಮೂಲೆಗೆ ಒತ್ತಿ. ಅತ್ತೆಯದ್ದು ಅದೇ ಮೂಲೆಯ ಪಕ್ಕದ ಗೋಡೆಗೆ, ಬಾಗಿಲ ಕಡೆ. ಮಂಚದ ಉದ್ದ ಆರೂಕಾಲು ಅಡಿ, ಮಗಳ ಮಂಚದ ಅಗಲ ಮೂರಡಿ, ಒಟ್ಟು ಒಂಬತ್ತೂಕಾಲು. ಹತ್ತಡಿಯ ಗೋಡೆಯಲ್ಲಿ ಸಲೀಸಾಗಿ ಹಿಡಿಯುತ್ತದೆ. ಅತ್ತೆಯ ಮಂಚ ಹಾಸಿಗೆ ಸೇರಿ 18 ಇಂಚು ಎತ್ತರ ಇರಲಿ. ತೀರಾ ತಗ್ಗಾದರೆ ಮಂಡಿಗೆ ಕಷ್ಟ. ಡ್ರಾಯರ್ ಎಲ್ಲಾ ಮಗಳ ಮಂಚದ ಕೆಳಗೇ ಸಾಕು.

ಕಿಟಕಿ ಗೋಡೆಯಲ್ಲಿ ಇನ್ನೂ ಮೂರೂಮುಕ್ಕಾಲು ಅಡಿ ಉಳಿಯುತ್ತದೆ, ಅಲ್ವಾ? ಅಲ್ಲಿಗೆ ಓದುವ ಟೇಬಲ್. ಮಡಚುವಂಥದ್ದು ಬೇಡ. ಪರೀಕ್ಷೆಗೆ ಓದುವ ಹುಡುಗಿ ದಿನಾ ಪುಸ್ತಕ ಎತ್ತಿಟ್ಟು ಟೇಬಲ್ ಮಡಚುತ್ತಾ ಕೂರುವುದಿಲ್ಲ.

ಇನ್ನು ವಾರ್ಡ್‌ರೋಬ್. ಅದು ಅತ್ತೆಯ ಮಂಚದ ಎದುರು ಗೋಡೆಗೆ ಬರಲಿ, ಟೇಬಲ್ ಕುರ್ಚಿಯ ಜಾಗ ಬಿಟ್ಟು ಆರೂವರೆ ಅಡಿ ಸಿಗುತ್ತದೆ. ಎರಡಡಿ ಆಳ ಬೇಕಾಗುವುದು ಹ್ಯಾಂಗರಿಗೆ ಮಾತ್ರ. ಮಡಿಸಿದ ಸೀರೆ, ಚೂಡಿದಾರಕ್ಕೆ 16 ಇಂಚು ಧಾರಾಳ. ಆಳ ಜಾಸ್ತಿಯಾದರೆ ಸೀರೆಯ ಹಿಂದೆ ಇನ್ನೊಂದು ಸಾಲು ಕೂರುತ್ತದೆ, ಹಿಂದಿನದ್ದು ಕಣ್ಣಿಗೇ ಬೀಳುವುದಿಲ್ಲ. ಹ್ಯಾಂಗರಿಗೆ ಎರಡೂವರೆ ಅಡಿ ಅಗಲ ಬಿಟ್ಟು, ಉಳಿದದ್ದನ್ನು 16 ಇಂಚಿಗೆ ಇಳಿಸಿ. ಪ್ಲೈವುಡ್ಡೂ ಉಳಿಯುತ್ತದೆ. ಎಂಟಡಿಗೆ ನಾಲ್ಕಡಿಯ ಶೀಟಿನಲ್ಲಿ ಎರಡಡಿಯ ಪಟ್ಟಿ ಎರಡೇ ಬರುತ್ತವೆ. ಗರಗಸದ ಗೀಟಿಗೆ ಒಂದೆಳೆ ಬಿಟ್ಟುಕೊಂಡರೆ 16 ಇಂಚಿನವು ಮೂರು. ಶೀಟಿನ ಮೇಲೆ ಐಎಸ್‌ಐ ಗುರುತು, ಐಎಸ್ 303 (ಪ್ಲೈವುಡ್ಡಿನ ಗುಣಮಟ್ಟದ ಸಂಖ್ಯೆ), ಬಿಡಬ್ಲ್ಯೂಆರ್ (ಕುದಿನೀರನ್ನೂ ತಡೆಯುವ ದರ್ಜೆ) ಎಂದು ಅಚ್ಚಾಗಿದೆಯಾ ನೋಡಿ. ಬೆಡ್‌ರೂಮಿಗೆ ಅದು ಸಾಕು. ಗೋಡೆಯಾಚೆ ಬಾತ್‌ರೂಮ್ ಇದ್ದರೆ ತೇವ ಇದೆಯಾ ಎಂದು ಮೊದಲೇ ಪರೀಕ್ಷಿಸಿ.

ಸೊಂಟದಿಂದ ಭುಜದವರೆಗಿನ ಶೆಲ್ಫುಗಳೆಲ್ಲ ಅತ್ತೆಗೆ. ಬಗ್ಗುವುದು, ಹತ್ತುವುದು ಮೊಮ್ಮಗಳ ಪಾಲಿಗಿರಲಿ.

ಅಡ್ವಾನ್ಸ್ ಕೊಡುವ ಮೊದಲು ಮಂಚ, ಟೇಬಲ್, ವಾರ್ಡ್‌ರೋಬ್ ಎಲ್ಲವನ್ನೂ ಚಾಕ್‌ಪೀಸಿನಲ್ಲಿ ನೆಲದ ಮೇಲೆ ಬರೆಯಿರಿ. ರಾತ್ರಿ ಜೀರೋ ಬಲ್ಬ್ ಹಾಕಿ, ಅತ್ತೆಯನ್ನು ಮಂಚದ ಜಾಗದಿಂದ ಬಾಗಿಲವರೆಗೆ ನಡೆಯಲು ಹೇಳಿ. ಅವರ ಕಾಲು ಯಾವುದಾದರೂ ಗೆರೆ ತುಳಿದರೆ, ಕಾರ್ಪೆಂಟರಿಗೆ ಆ ಅಳತೆ ಕಡಿಮೆ ಮಾಡಲು ಹೇಳಿ.