ಫೋಟೊ ನೋಡಿ ಹೊಸ ಕುಲ ಹೇಳಲಾಗದು

ಹಳ್ಳಗಳು ತುಂಬಿದವು ಅಂದರೆ ನನ್ನ ಫೋನೂ ತುಂಬುತ್ತದೆ. ಪಾಚಿ ಹಿಡಿದ ಕಲ್ಲು, ಅದರ ಮೇಲೊಂದು ಮಸುಕು ಚುಕ್ಕೆ, ಕೆಳಗೆ ಅದೇ ಪ್ರಶ್ನೆ. ಈ ಸಲ ಉದ್ದವಾಗಿಯೇ ಉತ್ತರ ಬರೆಯುತ್ತೇನೆ. ಮುಂದಿನ ಮಳೆಗಾಲಕ್ಕೆ ಇದನ್ನೇ ಕಳಿಸಿ ಸುಮ್ಮನಿರಬಹುದು.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಉಗುರಿನಷ್ಟು ಗಾತ್ರದ ಮಿಡತೆ ಸಿಕ್ಕಿದೆ. ರೆಕ್ಕೆ ಇಲ್ಲ, ಬೆನ್ನು ಗೂನು. ಮೊಬೈಲ್ ಆಪ್‌ಗೆ ಗುರುತು ಸಿಗಲಿಲ್ಲ. ಇದು ಹೊಸ ಕುಲವೇ? ಮಗಳ ಹೆಸರು ಇಡಬಹುದೇ?

ಉತ್ತರ: ಹೊಸದೋ ಹಳೆಯದೋ ಎಂದು ಆ ಫೋಟೊ ನೋಡಿ ಯಾರೂ ಹೇಳಲಾರರು. ಹೇಳಿದವರನ್ನು ನಂಬಬೇಡಿ. ಕುಲ (ಜೀನಸ್) ಎಂದರೆ ಹತ್ತಿರದ ನಂಟಿನ ಪ್ರಭೇದಗಳ ಗುಂಪು.

ಅದು ಪಿಗ್ಮಿ ಮಿಡತೆ, ಟೆಟ್ರಿಜಿಡೇ ಕುಟುಂಬದ್ದು. ಇಷ್ಟು ಖಂಡಿತ. ಕುತ್ತಿಗೆಯ ಹಿಂದಿನ ಕವಚ ಹೊಟ್ಟೆಯ ತುದಿವರೆಗೂ ಚಾಚಿದೆ, ಗೊರಬು ಹೊದ್ದು ನಾಟಿಗೆ ಬಗ್ಗಿದವರ ಹಾಗೆ. ಆದರೆ ಈ ಕುಟುಂಬದಲ್ಲಿ ಹೆಸರಿಟ್ಟ ಕುಲಗಳೇ 200ಕ್ಕಿಂತ ಜಾಸ್ತಿ, ಪ್ರಭೇದಗಳು ಸುಮಾರು 2000. ಅವುಗಳಲ್ಲಿ ಯಾವ ಕುಲಕ್ಕೂ ಸೇರುವುದಿಲ್ಲ ಎಂದು ತೋರಿಸಿದ ಮೇಲೆ ಹೊಸದರ ಮಾತು. ಆಪ್‌ಗೆ ಗುರುತು ಸಿಗಲಿಲ್ಲವೇ? ಯಾರೂ ಅದಕ್ಕೆ ಕಲಿಸಿಲ್ಲ, ಅಷ್ಟೇ.

ಬಣ್ಣದ ವಿಚಾರ ಬಿಡಿ. ಒಂದೇ ತಾಯಿಯ ಮರಿಗಳಲ್ಲಿ ಕಂದು, ಕಪ್ಪು, ಪಟ್ಟೆ ಎಲ್ಲ ಇರಬಹುದು. ರೆಕ್ಕೆ ಇಲ್ಲ ಎಂದೂ ಕುಣಿಯಬೇಡಿ. ಒಂದೇ ಪ್ರಭೇದದಲ್ಲಿ ಉದ್ದ ಕವಚ, ಉದ್ದ ರೆಕ್ಕೆಯವು ಇರುತ್ತವೆ, ಗಿಡ್ಡವೂ ಇರುತ್ತವೆ. ಹಿಂದಿನವರು ಇವಕ್ಕೆ ಬೇರೆ ಬೇರೆ ಹೆಸರಿಟ್ಟರು, ಆಮೇಲೆ ಬಂದವರು ಒಂದೇ ಎಂದು ಸೇರಿಸಿದರು.

ಇದಕ್ಕಿಂತ ದೊಡ್ಡ ಮೋಸ ಮರಿಯದು. ಮರಿಗೂ ಹಾರುವ ರೆಕ್ಕೆ ಇರುವುದಿಲ್ಲ. ನಾನೇ ಮೋಸ ಹೋದವನು. ಕೊಡಚಾದ್ರಿ ಬುಡದಲ್ಲಿ ಸಿಕ್ಕ ಒಂದು ಹುಳುವಿನ ಚಿತ್ರ ಬರೆಯುತ್ತಾ ಮೂರು ವಾರ ಕೂತೆ. ಹೆಸರೂ ಯೋಚಿಸಿದ್ದೆ. ಗೆಳೆಯರೊಬ್ಬರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, "ಇದಿನ್ನೂ ಮೊಟ್ಟೆ ಇಡುವ ವಯಸ್ಸಿಗೇ ಬಂದಿಲ್ಲವಲ್ಲ ಮಾರಾಯ" ಎಂದರು. ಬೆಳೆದ ಹೆಣ್ಣಿನ ಮೊಟ್ಟೆ ಇಡುವ ಅಂಗ ಗಟ್ಟಿ, ಅಂಚಿನಲ್ಲಿ ಗರಗಸದ ಹಲ್ಲು. ನನ್ನದು ಮೆತ್ತಗಿತ್ತು. ಆವತ್ತಿನಿಂದ ಯಾವ ಮಿಡತೆ ಬಂದರೂ ಮೊದಲು ಹಿಂದಿನ ತುದಿ ನೋಡುತ್ತೇನೆ.

ಕುಲ ತಿಳಿಯಲು ಮುಖ ನೋಡಬೇಕು. ಎರಡು ಕಣ್ಣಿನ ನಡುವಿನ ಜಾಗ ಒಂದು ಕಣ್ಣಿಗಿಂತ ಅಗಲವೋ ಕಿರಿದೋ? ಮೀಸೆ ಹುಟ್ಟುವುದು ಕಣ್ಣಿನ ಮಟ್ಟದಲ್ಲೋ, ಕೆಳಗೋ? ಮುಖದ ನಡುವಿನ ಏಣು ಎಲ್ಲಿ ಕವಲೊಡೆಯುತ್ತದೆ? ಆಮೇಲೆ ಕವಚ: ನಡುವಿನ ಏಣು ಕಮಾನೋ ಅಲೆಯೋ, ಪಕ್ಕದಲ್ಲಿ ಮುಳ್ಳು ಚಾಚಿದೆಯೋ ಇಲ್ಲವೋ. ಹಿಂಗಾಲಿನ ಪಾದದ ಮೊದಲ ಗೆಣ್ಣಿನ ಅಡಿಯಲ್ಲಿ ಮೂರು ಮೆತ್ತೆಗಳಿರುತ್ತವೆ, ಅವುಗಳ ಅಳತೆಯೂ ಬೇಕು. ಇಂಥ ಹಲವು ಲಕ್ಷಣ ಒಟ್ಟಿಗೆ ಬೇರೆಯಾದರೆ ಕುಲದ ಬಗ್ಗೆ ಯೋಚಿಸಬಹುದು. ಒಂದು ಮುಳ್ಳು ಜಾಸ್ತಿ ಇದೆ ಎಂದು ಹೊಸ ಕುಲ ಕಟ್ಟುವುದು, ಅಡಿಗೆಮನೆಗೆ ಕಿಟಕಿ ಇಟ್ಟು ಹೊಸ ಊರು ಎಂದ ಹಾಗೆ.

ಹೋಲಿಸಬೇಕಾದ ಮೂಲ ಮಾದರಿಗಳು, ಅಂದರೆ ಹೆಸರಿಡುವಾಗ ಆಧಾರವಾದ ಕೀಟಗಳು, ಎಷ್ಟೋ ಯುರೋಪಿನ ಮ್ಯೂಸಿಯಂಗಳಲ್ಲಿವೆ. ದಕ್ಷಿಣ ಭಾರತದ ಹಲವು ಮಿಡತೆಗಳಿಗೆ ಹೆಸರಿಟ್ಟವರು ಸ್ಪೇನಿನ ಇಗ್ನಾಸಿಯೊ ಬೊಲಿವಾರ್. ಪಿಗ್ಮಿ ಮಿಡತೆಗಳ ಮೇಲೆ ಅವರು 1887ರಲ್ಲಿ ಬರೆದ ದೊಡ್ಡ ಗ್ರಂಥ ಇರುವುದು ಫ್ರೆಂಚಿನಲ್ಲಿ. ಅದನ್ನು ತೆರೆಯದೆ ಮುಂದೆ ಹೋಗುವ ಹಾಗಿಲ್ಲ.

ಹೆಸರಿನ ವಿಷಯ. ಹೊಸ ಕುಲಕ್ಕೆ ಒಂದು ಮಾದರಿ ಪ್ರಭೇದ ಬೇಕು, ಆ ಪ್ರಭೇದಕ್ಕೆ ಹೋಲೋಟೈಪ್ ಎಂದು ಒಂದೇ ಒಂದು ಕೀಟ ಗೊತ್ತುಮಾಡಬೇಕು. ಕುಲದ ಹೆಸರು ಇಡೀ ಪ್ರಾಣಿಲೋಕದಲ್ಲಿ ಇನ್ನೊಂದು ಕುಲಕ್ಕೆ ಇರಬಾರದು. ಯಾವುದೋ ಜೇಡಕ್ಕೆ ಇದ್ದರೂ ಮುಗಿಯಿತು. ಮಗಳ ಹೆಸರಿಗೆ ನಿಯಮದ ಅಡ್ಡಿ ಇಲ್ಲ. ಆದರೆ ದುಡ್ಡು ಕೊಟ್ಟರೆ ನಿಮ್ಮ ಹೆಸರಲ್ಲಿ ಕುಲ ನೋಂದಾಯಿಸಿ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸದ್ಯಕ್ಕೆ ಮೂರು ಫೋಟೊ ತೆಗೆಯಿರಿ: ಮುಖ, ಮೇಲಿನಿಂದ, ಪಕ್ಕದಿಂದ. ಜಾಗ, ಎತ್ತರ, ದಿನಾಂಕ ಬರೆದಿಡಿ. ಬರೀ "ತೀರ್ಥಹಳ್ಳಿ" ಸಾಲದು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಏನನ್ನೂ ಹಿಡಿಯಬೇಡಿ. ಹುಳುವನ್ನು ವಿದೇಶದ "ತಜ್ಞ"ರಿಗೆ ಕೊರಿಯರ್ ಮಾಡಲೂಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ, ಹೊಸದಾಗಿ ಕಂಡ ಜೀವಿಯ ಮಾದರಿಯನ್ನು ಅದಕ್ಕೆಂದೇ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಈ ವಿಷಯದಲ್ಲಿ ನಾನು ಪುಕ್ಕಲು ಎಂದರೂ ಪರವಾಗಿಲ್ಲ.

ಪ್ರಶ್ನೆ: ಸಾಗರದ ನಮ್ಮ ಅಡಿಕೆ ತೋಟದಲ್ಲಿ ಇವು ಬಹಳ. ಕೊಳೆ ರೋಗಕ್ಕೂ ಇವೇ ಕಾರಣ ಎಂದು ಅಂಗಡಿಯವರು ಔಷಧಿ ಕೊಟ್ಟಿದ್ದಾರೆ. ಹೊಡೆಯಬಹುದೇ?

ಉತ್ತರ: ಬಾಟಲಿ ವಾಪಸ್ ಕೊಡಿ. ಇವು ತಿನ್ನುವುದು ಪಾಚಿ, ಹಾವಸೆ, ಕೊಳೆತ ಎಲೆ. ಕೊಳೆ ರೋಗ ತರುವುದು ಫೈಟಾಫ್ತೊರಾ ಎಂಬ, ಶಿಲೀಂಧ್ರದಂಥ ಸೂಕ್ಷ್ಮಜೀವಿ. ಅದಕ್ಕೆ ನಿಮ್ಮಜ್ಜನ ಕಾಲದಿಂದ ಬೋರ್ಡೋ ದ್ರಾವಣ ಇದೆಯಲ್ಲ! ಕೀಟನಾಶಕ ಹಳ್ಳಕ್ಕಿಳಿದರೆ ಏಡಿ, ಮೀನೂ ಹೋಗುತ್ತವೆ.

ಪ್ರಶ್ನೆ: 2020ರಲ್ಲಿ ರಾಜಸ್ಥಾನಕ್ಕೆ ಬಂದ ದಂಡು ಇವೇ ಅಲ್ವಾ?

ಉತ್ತರ: ಅಲ್ಲ. ಅವು ಮರುಭೂಮಿ ಮಿಡತೆಗಳು.

ಪ್ರಶ್ನೆ: ರಾತ್ರಿ ಕಿರ್‌ಗುಟ್ಟುವುದು ಇವೇನಾ?

ಉತ್ತರ: ಉಳಿದ ಮಿಡತೆಗಳಿಗಿರುವಂಥ ಕಿವಿಯೇ ಇವಕ್ಕಿಲ್ಲ. ಯಾರಿಗೆ ಕೇಳಲಿ ಎಂದು ಕೂಗಬೇಕು?

ಪ್ರಶ್ನೆ: ಹಳ್ಳಕ್ಕೆ ಬಿದ್ದ ಪಿಗ್ಮಿ ಮಿಡತೆಯನ್ನು ಎತ್ತಿ ಉಳಿಸಬೇಕೇ?

ಉತ್ತರ: ಬೇಡ. ಹಳ್ಳದ ಬದಿಯಲ್ಲಿರುವ ಇವುಗಳಲ್ಲಿ ಹಲವು ಚೆನ್ನಾಗಿ ಈಜುತ್ತವೆ. ಪಾಚಿ ಕಲ್ಲಿನ ಮೇಲೆ ಜಾರಿ ಬೀಳುವವರು ನೀವು.