ಹಳೇ ಕಾಂಕ್ರೀಟ್ ಹೆದ್ದಾರಿ ಮತ್ತೆ ಕಟ್ಟುವಾಗ ಯಾವುದು ಮುಖ್ಯ?

30–40 ವರ್ಷದ ಕಾಂಕ್ರೀಟ್ ಹೆದ್ದಾರಿ ಕಿತ್ತು ಹೊಸದು ಹಾಕುವಾಗ ಸಿಮೆಂಟ್ ಮುಖ್ಯನಾ, ದಪ್ಪ ಮುಖ್ಯನಾ ಅಂತ ಕೇಳಿದ್ದೀರಿ. ನಾನು ರಸ್ತೆ ಕೆಲಸದವನು. ಎರಡೂ ಬೇಕು. ಆದರೆ ಅದಕ್ಕೂ ಮೊದಲು, ಓಡಾಡುವ ಗಾಡಿಗಳನ್ನು ಎಲ್ಲಿ ಬಿಡುತ್ತೀರಿ ಅನ್ನೋದು ತೀರ್ಮಾನ ಆಗಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೆವೋರ್ ಹತ್ತಿರದ ಐ-15 ಹೆದ್ದಾರಿ ನೋಡಿ. ಲಾಸ್ ಏಂಜಲೀಸ್ ಕಡೆಯಿಂದ ಲಾಸ್ ವೇಗಾಸ್‌ಗೆ ಹೋಗುವ ದಾರಿ. ವಾರವಿಡೀ ಲಾರಿ, ಶನಿವಾರ-ಭಾನುವಾರ ವೇಗಾಸ್‌ಗೆ ಹೊರಟವರ ಕಾರು. ಅಲ್ಲಿ ಸುಮಾರು 4.5 ಕಿ.ಮೀ. ಲಾರಿ ಲೇನ್ ಹಾಳಾಗಿತ್ತು. ರಾತ್ರಿ ಮಾತ್ರ ಮುಚ್ಚಿ ಮಾಡಿದರೆ 10 ತಿಂಗಳು ಬೇಕು ಅಂತ ಲೆಕ್ಕ ಬಂತು. 2004ರ ಅಕ್ಟೋಬರ್‌ನಲ್ಲಿ ಒಂದು ಬದಿ ಪೂರ್ತಿ ಮುಚ್ಚಿ, ಎರಡೂ ದಿಕ್ಕಿನ ಗಾಡಿಗಳನ್ನು ಇನ್ನೊಂದು ಬದಿಯಲ್ಲೇ ಬಿಟ್ಟರು. ಮಧ್ಯದ ತಡೆಗೋಡೆಯನ್ನು ಯಂತ್ರದಿಂದ ಸರಿಸಿ, ಯಾವ ಕಡೆ ಜಾಸ್ತಿ ಗಾಡಿ ಇದೆಯೋ ಆ ಕಡೆಗೆ ಒಂದು ಲೇನ್ ಹೆಚ್ಚು ಕೊಡುತ್ತಿದ್ದರು. ಹಗಲೂ ರಾತ್ರಿ ಕೆಲಸ ನಡೆದು, ಬದಿಗೆ ಸುಮಾರು 210 ಗಂಟೆಯಂತೆ ಎರಡೇ ಸಲದಲ್ಲಿ ಮುಗಿಯಿತು.

ರಾತ್ರಿ ಕೆಲಸ ಯಾಕೆ ಅಷ್ಟು ನಿಧಾನ? ಕೋನ್ ಇಡೋದು, ತೆಗೆಯೋದು, ಬೆಳಗ್ಗೆ ಗಾಡಿ ಬಿಡೋ ಮುಂಚೆ ಕಾಂಕ್ರೀಟ್ ಗಟ್ಟಿಯಾಗಲಿ ಅಂತ ಕಾಯೋದು, ಇದರಲ್ಲೇ ರಾತ್ರಿ ಹೋಗುತ್ತದೆ. ಕೊನೆಗೆ ಸಿಗೋದು ತುಂಡು ತುಂಡು ರಸ್ತೆ.

ಇನ್ನೊಂದು ವಿಷಯ, ಕಾಂಕ್ರೀಟ್ ಹಾಕೋ ಪೇವರ್ ಎಷ್ಟೇ ಜೋರಾಗಿದ್ದರೂ ಕೆಲಸದ ವೇಗ ಸಾಮಾನ್ಯವಾಗಿ ಟಿಪ್ಪರ್‌ಗಳನ್ನೇ ಅವಲಂಬಿಸಿರುತ್ತದೆ. ಒಡೆದ ಸ್ಲ್ಯಾಬ್ ಹೊರಗೆ ಹೋಗಬೇಕು, ಹೊಸ ಕಾಂಕ್ರೀಟ್ ಒಳಗೆ ಬರಬೇಕು, ಎರಡಕ್ಕೂ ಅದೇ ಇಕ್ಕಟ್ಟಿನ ಜಾಗ. ಗಂಟೆಗೆ ಎಷ್ಟು ಟಿಪ್ಪರ್ ತುಂಬಿ ಹೊರಡುತ್ತವೆ ಅಂತ ಕೇಳಿ, ಕೆಲಸ ಯಾವಾಗ ಮುಗಿಯುತ್ತೆ ಅಂತ ನೀವೇ ಹೇಳಬಹುದು.

ಇನ್ನು ನೆಲದ ಕೆಳಗಿನದು. ಡೆವೋರ್‌ನ ಹಳೇ ಸ್ಲ್ಯಾಬ್‌ಗಳ ಜಾಯಿಂಟ್‌ನಲ್ಲಿ ಡೋವೆಲ್ ಸರಳು, ಅಂದರೆ ಒಂದು ಸ್ಲ್ಯಾಬ್‌ನ ಭಾರವನ್ನು ಪಕ್ಕದ್ದಕ್ಕೆ ದಾಟಿಸುವ ಕಬ್ಬಿಣದ ಸರಳು, ಇರಲಿಲ್ಲ. ಲಾರಿ ಚಕ್ರ ಜಾಯಿಂಟ್ ದಾಟುವಾಗಲೆಲ್ಲ ಸ್ಲ್ಯಾಬ್ ಒತ್ತಿ, ಕೆಳಗಿದ್ದ ನೀರು ಸಣ್ಣ ಮಣ್ಣನ್ನು ಹೊತ್ತು ಮೇಲೆ ಚಿಮ್ಮುತ್ತದೆ. ಕ್ರಮೇಣ ಒಂದು ಸ್ಲ್ಯಾಬ್ ಮೇಲೆ, ಪಕ್ಕದ್ದು ಕೆಳಗೆ. ಆ ಕೊರೆದುಹೋದ ಬೇಸ್ (ಸ್ಲ್ಯಾಬ್ ಕೆಳಗಿನ ಪದರ) ಮೇಲೇ ಹೊಸದನ್ನು ಹಾಕಿದರೆ ದುಡ್ಡು ದಂಡ. ಹೊಸ ಸ್ಲ್ಯಾಬ್‌ಗೆ ಸರಳು ಹಾಕಿದರಷ್ಟೇ ಸಾಲದು, ನೆಟ್ಟಗೂ ಇರಬೇಕು. ಸ್ಲ್ಯಾಬ್ ಹಿಗ್ಗಿ ಕುಗ್ಗುವಾಗ ಜಾರಲಿ ಅಂತ ಅದಕ್ಕೆ ಗ್ರೀಸ್ ಬಳಿದಿರುತ್ತಾರೆ. ಸರಳು ಓರೆಯಾದರೆ ಜಾಯಿಂಟ್ ಬಿಗಿದು, ಪಕ್ಕದಲ್ಲೇ ಬಿರುಕು.

ಆದರೆ ಎರಡು ಬದಿಯೂ ಸೇರಿ ಎರಡೇ ಲೇನ್ ಇದ್ದು, ಬಳಸು ದಾರಿಯೂ ಇಲ್ಲದಿದ್ದರೆ ಡೆವೋರ್‌ನಲ್ಲಿ ಮಾಡಿದ ಹಾಗೆ ಮಾಡಲಾಗದು. ಅಂಥ ಕಡೆ ರಾತ್ರಿ ಕೆಲಸವೇ ಗತಿ.